ಸೋರ್ಸ್ ಕೋಡ್‌ನಿಂದ ಸಿಂಕ್‌ಥಿಂಗ್: ಬಿಲ್ಡ್ ಮಾಡುವುದು, ಮಾಡಿದ ಮೇಲೆ ನೋಡಿಕೊಳ್ಳುವುದು

ಪ್ರಶ್ನೆ: ಗದಗಿನಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರುಗಳ ಡಿಸೈನ್ ಕೆಲಸವನ್ನು ನನ್ನ ತಮ್ಮ ಹುಬ್ಬಳ್ಳಿಯಲ್ಲಿ ವಿಂಡೋಸ್ ಕಂಪ್ಯೂಟರಿನಲ್ಲಿ ಕೋರೆಲ್‌ಡ್ರಾ ಬಳಸಿ ಮಾಡುತ್ತಾನೆ. ಇಲ್ಲಿ ಪ್ರೆಸ್ಸಿನಲ್ಲಿರುವುದು ಉಬುಂಟು 22.04. ಇಷ್ಟು ದಿನ ಫೈಲುಗಳು ಪೆನ್‌ಡ್ರೈವ್‌ನಲ್ಲಿ ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದವು. ಯಾವುದು ಕೊನೆಯ ಪ್ರತಿ ಎಂಬ ಗೊಂದಲದಲ್ಲಿ ಒಮ್ಮೆ ಹಳೆಯ ಪ್ರತಿಯೇ ಪ್ಲೇಟಿಗೆ ಹೋಯಿತು. ಈಗ ಎರಡೂ ಕಡೆಯ ಫೋಲ್ಡರುಗಳನ್ನು ಜಾಲದ ಮೂಲಕ ತಾನಾಗಿ ಒಂದೇ ರೀತಿ ಇಡುವ ಸಿಂಕ್‌ಥಿಂಗ್ ಎಂಬ ಪ್ರೋಗ್ರಾಂ ಬಳಸಬೇಕೆಂದಿದ್ದೇವೆ. ಉಬುಂಟುವಿನಲ್ಲಿ ಸಿಗುವ ಆವೃತ್ತಿ ಹಳೆಯದೆಂದು ಸೋರ್ಸ್ ಕೋಡ್ ಇಳಿಸಿಕೊಂಡು ಬಿಲ್ಡ್ ಮಾಡಲು (ಅಂದರೆ ಅದರಿಂದ ಓಡಿಸಬಹುದಾದ ಪ್ರೋಗ್ರಾಂ ತಯಾರಿಸಲು) ಹೋದರೆ ‘ಇನ್‌ವ್ಯಾಲಿಡ್ ಗೋ ವರ್ಶನ್’ ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ಇದನ್ನು ಸರಿಪಡಿಸುವುದು ಹೇಗೆ? ನಾವೇ ಬಿಲ್ಡ್ ಮಾಡಿಕೊಂಡರೆ ಹೆಚ್ಚು ಸುರಕ್ಷಿತವೇ? ನಮ್ಮ ಬಹಳಷ್ಟು ಫೈಲುಗಳ ಹೆಸರು ಕನ್ನಡದಲ್ಲಿದೆ, ಅದರಿಂದ ತೊಂದರೆಯಾದೀತೆ?

ಉತ್ತರ: ನೀವು ಕಂಡ ದೋಷದಿಂದಲೇ ಆರಂಭಿಸುತ್ತೇನೆ. ಸಿಂಕ್‌ಥಿಂಗ್ ಅನ್ನು ಗೋ ಭಾಷೆಯಲ್ಲಿ ಬರೆಯಲಾಗಿದೆ. ಉಬುಂಟು 22.04ರಲ್ಲಿ ಅದರ ಪ್ಯಾಕೇಜ್ ವ್ಯವಸ್ಥೆಯಾದ ಆ್ಯಪ್ಟ್ ಮೂಲಕ ಗೋ ಅಳವಡಿಸಿಕೊಂಡರೆ ಬರುವುದು ಅದರ 1.18ನೆಯ ಆವೃತ್ತಿ. ಸಿಂಕ್‌ಥಿಂಗ್‌ನ ಸೋರ್ಸ್ ಕೋಡ್‌ನಲ್ಲಿರುವ ‘ಗೋ.ಮಾಡ್’ ಎಂಬ ಫೈಲಿನಲ್ಲಿ, ಇದನ್ನು ಬಿಲ್ಡ್ ಮಾಡಲು ಗೋ ಕನಿಷ್ಠ ಯಾವ ಆವೃತ್ತಿಯದಾಗಿರಬೇಕು ಎಂದು ಹೇಳುವ ಒಂದು ಸಾಲಿರುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಗೋ 1.21ರಿಂದೀಚೆಗೆ ಆ ಸಾಲಿನಲ್ಲಿ 1.24.0 ಎಂಬಂತೆ ಮೂರು ಭಾಗಗಳ ಸಂಖ್ಯೆಯನ್ನು ಬರೆಯಬಹುದು. ನಿಮ್ಮ 1.18ಕ್ಕೆ ಗೊತ್ತಿರುವುದು ಎರಡು ಭಾಗಗಳ ಸಂಖ್ಯೆ ಮಾತ್ರ. ಆದ್ದರಿಂದ ಅದು ‘ನಾನು ಹಳೆಯದು, ಹೊಸದನ್ನು ತನ್ನಿ’ ಎನ್ನುವ ಬದಲು ‘ಈ ಸಂಖ್ಯೆಯೇ ತಪ್ಪು’ ಎನ್ನುತ್ತದೆ. ನೀವು ಇಳಿಸಿಕೊಂಡ ಸೋರ್ಸ್ ಕೋಡ್‌ನಲ್ಲಿ ಯಾವ ತಪ್ಪೂ ಇಲ್ಲ. ಗೋ.ಮಾಡ್ ಫೈಲಿನಲ್ಲಿ ಆ ಸಂಖ್ಯೆಯನ್ನು ತಿದ್ದಿ ಮುಂದುವರಿಯಿರಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಅದನ್ನು ಅನುಸರಿಸಬೇಡಿ. ಹೊಸ ಗೋದಲ್ಲಿ ಮಾತ್ರ ಇರುವ ಸೌಲಭ್ಯಗಳನ್ನು ಸಿಂಕ್‌ಥಿಂಗ್ ಬಳಸುತ್ತದೆ. ಸಂಖ್ಯೆ ತಿದ್ದಿದರೆ ಒಂದು ದೋಷದ ಜಾಗದಲ್ಲಿ ಹತ್ತು ದೋಷಗಳು ಬಂದು ನಿಲ್ಲುತ್ತವೆ.

ಬಿಲ್ಡ್ ಮಾಡುವ ಮುನ್ನ ಒಂದು ಮಾತು. ನಿಮಗೆ ಬೇಕಿರುವುದು ಹೊಸ ಆವೃತ್ತಿ ಮಾತ್ರ ಆಗಿದ್ದರೆ, ಡೆಬಿಯನ್ ಮತ್ತು ಉಬುಂಟು ಬಳಕೆದಾರರಿಗಾಗಿ ಸಿಂಕ್‌ಥಿಂಗ್ ಯೋಜನೆಯವರೇ ನಡೆಸುವ ಆ್ಯಪ್ಟ್ ರೆಪಾಸಿಟರಿ, ಅಂದರೆ ಪ್ಯಾಕೇಜುಗಳ ಭಂಡಾರ, ಇದೆ. ಅದನ್ನು ಸೇರಿಸಿಕೊಂಡರೆ ಹೊಸ ಆವೃತ್ತಿ ಸಿಗುವುದಲ್ಲದೆ ಮುಂದಿನ ನವೀಕರಣಗಳೂ ತಾವಾಗಿಯೇ ಬರುತ್ತವೆ. ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಿದ ಪ್ರೋಗ್ರಾಂಗೆ ಆ ಅನುಕೂಲವಿಲ್ಲ. ಅದು ಆ್ಯಪ್ಟ್‌ನ ಲೆಕ್ಕಕ್ಕೇ ಬರುವುದಿಲ್ಲ. ಭದ್ರತೆಯ ದೋಷವೊಂದು ಪತ್ತೆಯಾಗಿ ತಿದ್ದುಪಡಿ ಬಿಡುಗಡೆಯಾದಾಗ ಅದನ್ನು ತಂದು ಮತ್ತೆ ಬಿಲ್ಡ್ ಮಾಡುವ ಹೊಣೆ ನಿಮ್ಮ ಮೇಲೇ ಬೀಳುತ್ತದೆ. ನಾನು ಈ ದಾರಿಯನ್ನು ಬೇಡವೆನ್ನುತ್ತಿಲ್ಲ. ಪ್ರೆಸ್ಸಿನ ಕೆಲಸದ ಮಧ್ಯೆ ಪ್ರೋಗ್ರಾಂ ತಾನಾಗಿ ಬದಲಾಗಬಾರದು, ಯಾವ ದಿನ ಬದಲಾಯಿಸಬೇಕೆಂಬುದನ್ನು ನಾವೇ ನಿರ್ಧರಿಸಬೇಕು ಎನ್ನುವವರಿಗೆ, ಸಿದ್ಧ ಫೈಲು ಸಿಗದ ಅಪರೂಪದ ಪ್ರೊಸೆಸರ್ ಇರುವವರಿಗೆ, ಮತ್ತು ತಾವು ಬಳಸುವುದರ ಒಳಗು ತಿಳಿಯಬೇಕೆಂಬ ಆಸಕ್ತಿ ಇರುವವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಬಿಲ್ಡ್ ಮಾಡುವುದು ಒಂದು ಸಂಜೆಯ ಕೆಲಸ, ನೋಡಿಕೊಳ್ಳುವುದು ಆ ಪ್ರೋಗ್ರಾಂ ನಿಮ್ಮಲ್ಲಿ ಇರುವಷ್ಟು ಕಾಲದ ಕೆಲಸ. ಮುಂದಿನ ಸಲಹೆಗಳನ್ನೆಲ್ಲ ಈ ಎರಡನೆಯದು ಹಗುರವಾಗಲೆಂದೇ ಹೇಳುತ್ತಿದ್ದೇನೆ.

ಸುರಕ್ಷತೆಯ ಪ್ರಶ್ನೆಗೆ ನೇರ ಉತ್ತರ: ನಾವೇ ಬಿಲ್ಡ್ ಮಾಡಿದೆವು ಎಂಬ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ, ಯಾವ ಸೋರ್ಸ್ ಕೋಡ್‌ನಿಂದ, ಎಲ್ಲಿಂದ ತಂದು ಮಾಡಿದೆವು ಎಂಬುದು ಮುಖ್ಯ. 2024ರ ಮಾರ್ಚ್ ಕೊನೆಯಲ್ಲಿ ಬಯಲಾದ ಎಕ್ಸ್‌ಝೆಡ್ ಯುಟಿಲ್ಸ್ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಫೈಲುಗಳನ್ನು ಕುಗ್ಗಿಸುವ ಆ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಕದ್ದು ಒಳನುಗ್ಗಲು ಹಿಂಬಾಗಿಲೊಂದನ್ನು ಅಡಗಿಸಲಾಗಿತ್ತು. ದೂರದಿಂದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಎಂದಿಗಿಂತ ನಿಧಾನವಾಗುತ್ತಿರುವುದನ್ನು ಗಮನಿಸಿ ಅದರ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಮಾಡಿದರು. ಆ ಹಿಂಬಾಗಿಲನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರೂ ನೋಡುವ, ಸೋರ್ಸ್ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಟ್ಟ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಅಂದರೆ ಆ ಟಾರ್ ಫೈಲನ್ನು ಇಳಿಸಿಕೊಂಡು ಶ್ರದ್ಧೆಯಿಂದ ತಾವೇ ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜನ್ನು ಬಿಲ್ಡ್ ಮಾಡಿದವರೂ ಅಪಾಯಕ್ಕೆ ಒಳಗಾಗುತ್ತಿದ್ದರು. ಆದ್ದರಿಂದ ನನ್ನ ಸಲಹೆ ಎಂದರೆ, ಸಿಂಕ್‌ಥಿಂಗ್ ಯೋಜನೆಯ ಅಧಿಕೃತ ಗಿಟ್‌ಹಬ್ ಭಂಡಾರದಿಂದಲೇ ಗಿಟ್ ಮೂಲಕ ಸೋರ್ಸ್ ಕೋಡ್ ತನ್ನಿ. ಬೇರೆ ಜಾಲತಾಣಗಳಲ್ಲಿ ಸಿಗುವ ಜಿಪ್ ಫೈಲುಗಳನ್ನು ಮುಟ್ಟಬೇಡಿ. ಸಿಂಕ್‌ಥಿಂಗ್ ಅವಲಂಬಿಸಿರುವ ಇತರ ಲೈಬ್ರರಿಗಳನ್ನು ಗೋ ತಾನೇ ಇಳಿಸಿಕೊಳ್ಳುತ್ತದೆ, ಮತ್ತು ಪ್ರತಿಯೊಂದನ್ನೂ ‘ಗೋ.ಸಮ್’ ಫೈಲಿನಲ್ಲಿ ಬರೆದಿಟ್ಟ ಹ್ಯಾಶ್‌ನೊಂದಿಗೆ, ಅಂದರೆ ಒಳಗಿರುವುದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆಯೊಂದಿಗೆ, ಹೋಲಿಸುತ್ತದೆ. ಹೊಂದಿಕೆಯಾಗದಿದ್ದರೆ ಬಿಲ್ಡ್ ನಿಲ್ಲುತ್ತದೆ. ಹಾಗೆ ನಿಂತಾಗ ಗೋ.ಸಮ್ ಅಳಿಸಿ ಮುಂದುವರಿದರೆ ಆ ಕಾವಲನ್ನು ನಾವೇ ತೆಗೆದುಹಾಕಿದಂತಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಆಜ್ಞೆಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಕೊಡುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು, ಎಲ್ಲಿ ದೊಡ್ಡ ಅಕ್ಷರ ಬೇಕೋ ಅಲ್ಲಿ ಹೇಳುತ್ತೇನೆ.

ಮೊದಲು ಆ್ಯಪ್ಟ್‌ನಿಂದ ಬಂದ ಹಳೆಯ ಗೋವನ್ನು ತೆಗೆದುಹಾಕಿ, ಗೋ ಭಾಷೆಯ ಅಧಿಕೃತ ತಾಣದಿಂದ ಲಿನಕ್ಸ್‌ನ 64 ಬಿಟ್ ಟಾರ್ ಫೈಲನ್ನು ಇಳಿಸಿಕೊಳ್ಳಿ. ಇಳಿಸುವ ಪುಟದಲ್ಲಿ ಪ್ರತಿ ಫೈಲಿನ ಮುಂದೆಯೂ ಅದರ ಎಸ್‌ಎಚ್‌ಎ-256 ಸಂಖ್ಯೆ ಇರುತ್ತದೆ. ‘ಎಸ್‌ಎಚ್‌ಎ256ಸಮ್’ ಆಜ್ಞೆ ಕೊಟ್ಟು ನಿಮ್ಮ ಫೈಲಿನದೂ ಅದೇ ಎಂದು ನೋಡಿಕೊಳ್ಳಿ. ಆಮೇಲೆ ಅದನ್ನು ‘/ಯುಎಸ್‌ಆರ್/ಲೋಕಲ್’ ಒಳಗೆ ಬಿಚ್ಚಿ, ‘/ಯುಎಸ್‌ಆರ್/ಲೋಕಲ್/ಗೋ/ಬಿನ್’ ಅನ್ನು ನಿಮ್ಮ ಪಾತ್‌ಗೆ (ಆಜ್ಞೆಗಳನ್ನು ಟರ್ಮಿನಲ್ ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಿ. ಮೊದಲೇ ಅಲ್ಲಿ ‘ಗೋ’ ಫೋಲ್ಡರ್ ಇದ್ದರೆ ಅದನ್ನು ಪೂರ್ತಿ ಅಳಿಸಿದ ಮೇಲೆಯೇ ಬಿಚ್ಚಬೇಕು. ಹಳೆಯದರ ಮೇಲೆ ಹೊಸದನ್ನು ಬಿಚ್ಚಿದರೆ ಎರಡು ಆವೃತ್ತಿಗಳ ಫೈಲುಗಳು ಬೆರೆತು, ಯಾವ ಹುಡುಕಾಟಕ್ಕೂ ಸಿಗದ ವಿಚಿತ್ರ ದೋಷಗಳು ಹುಟ್ಟುತ್ತವೆ. ಗೋ 1.21 ಅಥವಾ ನಂತರದ ಆವೃತ್ತಿ ಒಮ್ಮೆ ಬಂದಿತೆಂದರೆ ಮುಂದೆ ಈ ತಾಪತ್ರಯ ಕಡಿಮೆ, ಗೋ.ಮಾಡ್ ಇನ್ನೂ ಹೊಸದನ್ನು ಕೇಳಿದರೆ ಗೋ ತಾನೇ ಆ ಆವೃತ್ತಿಯನ್ನು ಇಳಿಸಿಕೊಂಡು ಬಳಸುತ್ತದೆ. ಕೆಲವು ಲಿನಕ್ಸ್ ವಿತರಣೆಗಳು ತಮ್ಮ ಪ್ಯಾಕೇಜಿನಲ್ಲಿ ಈ ಸೌಲಭ್ಯವನ್ನು ಮುಚ್ಚಿಟ್ಟಿರುತ್ತವೆ. ಗೋವನ್ನು ಅಧಿಕೃತ ತಾಣದಿಂದಲೇ ತನ್ನಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಸೋರ್ಸ್ ಕೋಡ್ ತರುವಾಗ ಗಿಟ್ ಕ್ಲೋನ್ ಆದ ಕೂಡಲೇ ಬಿಲ್ಡ್ ಮಾಡಲು ಹೊರಡಬೇಡಿ. ಆಗ ನಿಮ್ಮ ಮುಂದಿರುವುದು ‘ಮೇನ್’ ಶಾಖೆ, ಅಂದರೆ ಅಭಿವೃದ್ಧಿಪಡಿಸುವವರು ದಿನವೂ ತಿದ್ದುತ್ತಿರುವ ಪ್ರತಿ. ನಿಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಮೇನ್ ಶಾಖೆ ಇನ್ನೂ ತಿದ್ದುಪಡಿ ನಡೆಯುತ್ತಿರುವ ಪ್ರೂಫ್. ಟ್ಯಾಗ್ ಎಂದರೆ ಸಹಿಯಾಗಿ ಮುದ್ರಣಕ್ಕೆ ಒಪ್ಪಿಗೆ ಸಿಕ್ಕ ಪ್ರತಿ. ‘ಗಿಟ್ ಟ್ಯಾಗ್’ ಆಜ್ಞೆ ಕೊಟ್ಟು ಪಟ್ಟಿ ನೋಡಿ, ಹೆಸರಿನಲ್ಲಿ ‘ಆರ್‌ಸಿ’ ಎಂದಿರುವ ಪರೀಕ್ಷಾ ಆವೃತ್ತಿಗಳನ್ನು ಬಿಟ್ಟು, ಇತ್ತೀಚಿನ ಸ್ಥಿರ ಟ್ಯಾಗ್‌ಗೆ ‘ಗಿಟ್ ಚೆಕ್ಔಟ್’ ಮಾಡಿ. ಜಿಪ್‌ಗಿಂತ ಗಿಟ್ ಮೇಲೆನ್ನಲು ಇನ್ನೊಂದು ಸಣ್ಣ ಕಾರಣವೂ ಇದೆ. ಬಿಲ್ಡ್ ಮಾಡುವ ಸ್ಕ್ರಿಪ್ಟ್ ಆವೃತ್ತಿಯ ಸಂಖ್ಯೆಯನ್ನು ಗಿಟ್‌ನಿಂದಲೇ ಓದುತ್ತದೆ. ಗಿಟ್ ಮಾಹಿತಿ ಇಲ್ಲದಿದ್ದರೆ ಮತ್ತು ಸಂಖ್ಯೆಯನ್ನು ನೀವೇ ಕೊಡದಿದ್ದರೆ, ಪ್ರೋಗ್ರಾಂ ತನ್ನನ್ನು ‘ಅನ್‌ನೋನ್-ಡೆವ್’ ಎಂದು ಕರೆದುಕೊಳ್ಳುತ್ತದೆ. ಆರು ತಿಂಗಳ ನಂತರ ಯಾವ ಆವೃತ್ತಿ ಓಡುತ್ತಿದೆ ಎಂದು ನೋಡಲು ಹೋದಾಗ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಬಿಲ್ಡ್ ಮಾಡುವ ಆಜ್ಞೆ ಚಿಕ್ಕದು: ಸೋರ್ಸ್ ಕೋಡ್ ಫೋಲ್ಡರಿನ ಒಳಗೆ ನಿಂತು ‘ಗೋ ರನ್ ಬಿಲ್ಡ್.ಗೋ’ ಎಂದರೆ ಸಾಕು, ಸಿದ್ಧವಾದ ಪ್ರೋಗ್ರಾಂ ‘ಬಿನ್’ ಫೋಲ್ಡರಿನಲ್ಲಿ ಬಂದು ಕೂರುತ್ತದೆ. ಬಿಲ್ಡ್.ಗೋ ಎಂಬ ಹೆಸರಿನ ನಂತರ, ಒಂದು ಖಾಲಿ ಜಾಗ ಬಿಟ್ಟು, ಅಡ್ಡಗೆರೆಯೊಂದಿಗೆ ‘-ನೋ-ಅಪ್‌ಗ್ರೇಡ್’ ಎಂದು ಸೇರಿಸಿದರೆ, ತನ್ನನ್ನು ತಾನೇ ನವೀಕರಿಸಿಕೊಳ್ಳುವ ಭಾಗವಿಲ್ಲದೆ ಪ್ರೋಗ್ರಾಂ ಸಿದ್ಧವಾಗುತ್ತದೆ. ಯಾವಾಗ ಬದಲಾಯಿಸಬೇಕೆಂಬುದು ನಿಮ್ಮ ಕೈಯಲ್ಲಿರಬೇಕೆಂದು ಬಿಲ್ಡ್ ಮಾಡುತ್ತಿದ್ದರೆ ಇದನ್ನು ಸೇರಿಸಲೇಬೇಕು.

ಆದರೆ 2.0 ಆವೃತ್ತಿಯಿಂದ ಒಂದು ಹೊಸ ಆಯ್ಕೆ ನಮ್ಮ ಮುಂದೆ ಬಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಸಿಂಕ್‌ಥಿಂಗ್ ತನ್ನ ಒಳಗಿನ ಡೇಟಾಬೇಸನ್ನು ಲೆವೆಲ್‌ಡಿಬಿಯಿಂದ ಎಸ್‌ಕ್ಯೂಲೈಟ್‌ಗೆ ಬದಲಾಯಿಸಿತು. ಎಸ್‌ಕ್ಯೂಲೈಟ್ ಮೂಲತಃ ಸಿ ಭಾಷೆಯದು. ಅದನ್ನು ಎರಡು ರೀತಿಯಲ್ಲಿ ಸೇರಿಸಿಕೊಳ್ಳಬಹುದು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದ ‘ಸಿಜಿಓ_ಎನೇಬಲ್ಡ್’ ಎಂಬ ಪರಿಸರ ಚರಾಂಶಕ್ಕೆ (ಎನ್‌ವಿರಾನ್‌ಮೆಂಟ್ ವೇರಿಯಬಲ್) 1 ಎಂಬ ಬೆಲೆ ಕೊಟ್ಟರೆ ಸಿ ಭಾಷೆಯ ಎಸ್‌ಕ್ಯೂಲೈಟ್ ಬಳಕೆಯಾಗುತ್ತದೆ. ಇದಕ್ಕೆ ಸಿ ಕಂಪೈಲರ್ ಬೇಕು, ಉಬುಂಟುವಿನಲ್ಲಿ ‘ಬಿಲ್ಡ್-ಎಸೆನ್ಶಿಯಲ್’ ಪ್ಯಾಕೇಜ್ ಹಾಕಿಕೊಂಡರೆ ಸಾಕಾಗುತ್ತದೆ. 0 ಕೊಟ್ಟರೆ ಸಿ ಸಂಕೇತವನ್ನು ಗೋ ಭಾಷೆಗೆ ಪರಿವರ್ತಿಸಿದ ಎಸ್‌ಕ್ಯೂಲೈಟ್ ಬರುತ್ತದೆ. ಮೊದಲನೆಯದು ವೇಗದಲ್ಲಿ ಮೇಲು. ಆದರೆ ಅದು ಬಿಲ್ಡ್ ಮಾಡಿದ ಕಂಪ್ಯೂಟರಿನ ಸಿ ಲೈಬ್ರರಿಗೆ ಅಂಟಿಕೊಂಡಿರುತ್ತದೆ. ಹೊಸ ಉಬುಂಟುವಿನಲ್ಲಿ ಬಿಲ್ಡ್ ಮಾಡಿ ಹಳೆಯದಕ್ಕೆ ಒಯ್ದರೆ ‘ಜಿಲಿಬ್‌ಸಿಯ ಇಂಥ ಆವೃತ್ತಿ ಸಿಗಲಿಲ್ಲ’ ಎಂದು ಏಳುವುದೇ ಇಲ್ಲ. ಎರಡನೆಯದು ಯಾವ ಲಿನಕ್ಸ್‌ಗೆ ಒಯ್ದರೂ ಓಡುತ್ತದೆ. ಪ್ರೆಸ್ಸಿನ ಕೆಲವು ಸಾವಿರ ಫೈಲುಗಳಿಗೆ ವೇಗದ ವ್ಯತ್ಯಾಸ ನಿಮ್ಮ ಅರಿವಿಗೇ ಬರಲಾರದು. ನಿಮ್ಮ ಸ್ಥಿತಿಗೆ ನಾನು 0 ಅನ್ನೇ ಆರಿಸುತ್ತೇನೆ. ಕಂಪ್ಯೂಟರಿನಲ್ಲಿ ಮೆಮೊರಿ ಕಡಿಮೆಯಿದ್ದು ಬಿಲ್ಡ್ ಅರ್ಧಕ್ಕೆ ‘ಕಿಲ್ಡ್’ ಎಂದು ನಿಂತರೆ, ‘ಗೋಫ್ಲ್ಯಾಗ್ಸ್’ ಎಂಬ ಚರಾಂಶಕ್ಕೆ, ಅದನ್ನೂ ದೊಡ್ಡ ಅಕ್ಷರಗಳಲ್ಲೇ ಬರೆದು, ‘-ಪಿ=1’ ಎಂಬ ಬೆಲೆ ಕೊಡಿ. ಆಗ ಗೋ ಒಂದೊಂದೇ ಭಾಗವನ್ನು ಕಂಪೈಲ್ ಮಾಡುತ್ತದೆ. ಸಮಯ ಹೆಚ್ಚು ಹಿಡಿದರೂ ಕೆಲಸ ಮುಗಿಯುತ್ತದೆ.

0 ಆರಿಸಿದ್ದರ ಇನ್ನೊಂದು ಲಾಭ ನಿಮ್ಮ ತಮ್ಮನಿಗೆ. ಗೋ ಭಾಷೆಯಲ್ಲಿ ಒಂದು ವ್ಯವಸ್ಥೆಯಲ್ಲಿ ಕುಳಿತು ಇನ್ನೊಂದಕ್ಕೆ ಬಿಲ್ಡ್ ಮಾಡಬಹುದು. ಗದಗಿನ ಅದೇ ಉಬುಂಟುವಿನಲ್ಲಿ ‘-ಗೋಓಎಸ್ ವಿಂಡೋಸ್’ ಮತ್ತು ‘-ಗೋಆರ್ಚ್ ಎಎಂಡಿ64’ ಎಂಬ ಆಯ್ಕೆಗಳನ್ನು, ಕೊನೆಯಲ್ಲಿ ‘ಬಿಲ್ಡ್’ ಎಂಬ ಪದವನ್ನು ಸೇರಿಸಿ ಬಿಲ್ಡ್.ಗೋ ಓಡಿಸಿದರೆ ಹುಬ್ಬಳ್ಳಿಯ ಕಂಪ್ಯೂಟರಿಗೆ ಬೇಕಾದ ಎಕ್ಸ್‌ಇ ಫೈಲು ಸಿದ್ಧವಾಗುತ್ತದೆ, ಮತ್ತು ಎರಡೂ ಕಡೆ ಒಂದೇ ಆವೃತ್ತಿ ಇರುತ್ತದೆ. ಅಪರಿಚಿತ ಪ್ರೋಗ್ರಾಂ ಎಂದು ವಿಂಡೋಸ್ ಎಚ್ಚರಿಸಬಹುದು. ಆ ಎಚ್ಚರಿಕೆ ಸಹಜ. ಫೈಲು ನಿಮ್ಮ ಕೈಯಿಂದಲೇ ಬಂದದ್ದೆಂದು ಖಾತ್ರಿಯಿದ್ದಾಗ ಮಾತ್ರ ಅದನ್ನು ದಾಟಬೇಕು.

ಅಳವಡಿಸುವಾಗ ಪ್ರೋಗ್ರಾಂ ಅನ್ನು ‘/ಯುಎಸ್‌ಆರ್/ಬಿನ್’ಗೆ ಹಾಕಬೇಡಿ, ಅದು ಆ್ಯಪ್ಟ್ ನೋಡಿಕೊಳ್ಳುವ ಜಾಗ. ನಾವೇ ಬಿಲ್ಡ್ ಮಾಡಿದ್ದಕ್ಕೆ ‘/ಯುಎಸ್‌ಆರ್/ಲೋಕಲ್/ಬಿನ್’ ಇದೆ. ಹಳೆಯ ಸಿಂಕ್‌ಥಿಂಗ್ ಪ್ಯಾಕೇಜ್ ಮೊದಲೇ ಇದ್ದರೆ ಅದನ್ನು ತೆಗೆದುಹಾಕಿ. ಎರಡೂ ಇದ್ದರೆ ಟರ್ಮಿನಲ್‌ನಲ್ಲಿ ಹೊಸದು ಉತ್ತರಿಸುತ್ತದೆ, ಹಿನ್ನೆಲೆಯಲ್ಲಿ ಹಳೆಯದು ಓಡುತ್ತಿರುತ್ತದೆ. ಕಂಪ್ಯೂಟರ್ ಶುರುವಾದಾಗ ಸಿಂಕ್‌ಥಿಂಗ್ ತಾನಾಗಿ ಏಳಲು, ಹಿನ್ನೆಲೆಯ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಂಡಿಗೆ ಒಂದು ಸರ್ವೀಸ್ ಫೈಲು ಬೇಕು. ಅದು ಸೋರ್ಸ್ ಕೋಡ್‌ನ ‘ಇಟಿಸಿ’ ಫೋಲ್ಡರಿನಲ್ಲಿ, ‘ಲಿನಕ್ಸ್-ಸಿಸ್ಟಂಡಿ’ಯ ಒಳಗೆ ಸಿದ್ಧವಾಗಿಯೇ ಇದೆ. ಅದರಲ್ಲಿ ‘ಯೂಸರ್’ ಎಂಬ ಒಳಫೋಲ್ಡರಿನಲ್ಲಿರುವ ಫೈಲನ್ನು ನಿಮ್ಮ ಹೋಮ್ ಫೋಲ್ಡರಿನ ‘.ಕಾನ್ಫಿಗ್/ಸಿಸ್ಟಂಡಿ/ಯೂಸರ್’ಗೆ ನಕಲು ಮಾಡಿ. ನಕಲು ಮಾಡಿದ ಮೇಲೆ ಫೈಲನ್ನು ತೆರೆದು ‘ಎಕ್ಸೆಕ್‌ಸ್ಟಾರ್ಟ್’ ಎಂದು ಆರಂಭವಾಗುವ ಸಾಲು ನೋಡಿ. ಅಲ್ಲಿ ‘/ಯುಎಸ್‌ಆರ್/ಬಿನ್/ಸಿಂಕ್‌ಥಿಂಗ್’ ಎಂದಿರುತ್ತದೆ. ನಮ್ಮದು ಲೋಕಲ್‌ನಲ್ಲಿರುವುದರಿಂದ ಆ ಹಾದಿಯನ್ನು ತಿದ್ದಬೇಕು. ತಿದ್ದುವುದನ್ನು ಮರೆತರೆ ‘203/ಎಕ್ಸೆಕ್’ ಎಂಬ ಸಂಕೇತದೊಂದಿಗೆ ಸರ್ವೀಸ್ ಬಿದ್ದುಹೋಗುತ್ತದೆ. ಸೋರ್ಸ್ ಕೋಡ್‌ನಿಂದ ಅಳವಡಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಆ ಸಂಖ್ಯೆ ಕಂಡರೆ ಬಿಲ್ಡ್ ಕೆಟ್ಟಿದೆ ಎಂದು ಭಾವಿಸಬೇಡಿ, ಹಾದಿ ತಪ್ಪಿದೆ ಎಂದಷ್ಟೇ ಅದರ ಅರ್ಥ. ಆಮೇಲೆ ‘ಸಿಸ್ಟಂಸಿಟಿಎಲ್ --ಯೂಸರ್ ಡೀಮನ್-ರೀಲೋಡ್’, ನಂತರ ‘ಸಿಸ್ಟಂಸಿಟಿಎಲ್ --ಯೂಸರ್ ಎನೇಬಲ್ --ನೌ ಸಿಂಕ್‌ಥಿಂಗ್’ ಆಜ್ಞೆ ಕೊಡಿ. ಯಾರೂ ಲಾಗಿನ್ ಆಗದಿದ್ದರೂ ಅದು ಓಡುತ್ತಿರಬೇಕೆಂದರೆ ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಬೇಕು. ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಯಲ್ಲಿ ಮಾತ್ರ ಸಿಂಕ್‌ಥಿಂಗ್ ಅನ್ನು ಎಂದಿಗೂ ಓಡಿಸಬೇಡಿ. ಫೈಲುಗಳ ಒಡೆತನ ರೂಟ್‌ಗೆ ಹೋಗಿ ಪ್ರೆಸ್ಸಿನ ಹುಡುಗರಿಗೆ ಅವನ್ನು ತೆರೆಯಲಾಗುವುದಿಲ್ಲ. ಜಾಲದಲ್ಲಿ ಕಿವಿಗೊಟ್ಟು ಕೂರುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಕೊಡುವುದೂ ಸರಿಯಲ್ಲ.

ಮೊದಲ ಸಲ ಓಡಿದಾಗ ಸಿಂಕ್‌ಥಿಂಗ್ ತನಗೊಂದು ಪ್ರಮಾಣಪತ್ರವನ್ನು ಸೃಷ್ಟಿಸಿಕೊಳ್ಳುತ್ತದೆ, ಅದರ ಎಸ್‌ಎಚ್‌ಎ-256 ಹ್ಯಾಶ್‌ನಿಂದ ಏಳೇಳು ಅಕ್ಷರಗಳ ಎಂಟು ಗುಂಪುಗಳಿರುವ ಡಿವೈಸ್ ಐಡಿ ಹುಟ್ಟುತ್ತದೆ. ನೀವು ಹುಬ್ಬಳ್ಳಿಯ ಐಡಿಯನ್ನು ಗದಗಿನಲ್ಲೂ, ಗದಗಿನದನ್ನು ಹುಬ್ಬಳ್ಳಿಯಲ್ಲೂ ಸೇರಿಸಬೇಕು. ಎರಡೂ ಕಡೆ ಒಪ್ಪಿಗೆ ಆಗದೆ ಒಂದು ಫೈಲೂ ಹೋಗುವುದಿಲ್ಲ. ಐಡಿ ಗುಟ್ಟಿನದಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ತೊಂದರೆಯಿಲ್ಲ. ಗುಟ್ಟಾಗಿರಬೇಕಾದದ್ದು ಸಿಂಕ್‌ಥಿಂಗ್ ತನ್ನ ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವ ಕಾನ್ಫಿಗ್ ಫೋಲ್ಡರಿನಲ್ಲಿರುವ ‘ಕೀ.ಪೆಮ್’ ಫೈಲು. ಕೆಲಸ ಬೇಗ ಮುಗಿಯಲೆಂದು ಆ ಇಡೀ ಫೋಲ್ಡರನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಎರಡಕ್ಕೂ ಒಂದೇ ಗುರುತು ಬಂದು, ಅವು ಒಂದನ್ನೊಂದು ಪ್ರತ್ಯೇಕ ಯಂತ್ರವೆಂದು ಕಾಣುವುದೇ ಇಲ್ಲ. ನಕಲು ಮಾಡಬೇಕಾದದ್ದು ಪ್ರೋಗ್ರಾಂ ಮಾತ್ರ.

ಜಾಲದ ವಿಷಯ ಚುಟುಕಾಗಿ ಹೇಳುತ್ತೇನೆ. ಫೈಲುಗಳು ಹೋಗುವುದು 22000 ಪೋರ್ಟಿನಲ್ಲಿ, ಒಂದೇ ಲ್ಯಾನ್‌ನಲ್ಲಿರುವ ಯಂತ್ರಗಳನ್ನು ಹುಡುಕುವುದು 21027ರಲ್ಲಿ, ಬ್ರೌಸರಿನಲ್ಲಿ ತೆರೆಯುವ ನಿಯಂತ್ರಣ ಪುಟ 8384ರಲ್ಲಿ. ಈ ಕೊನೆಯದು ಮೂಲತಃ ಆ ಕಂಪ್ಯೂಟರಿಗಷ್ಟೇ ತೆರೆದಿರುತ್ತದೆ; ಹಾಗೆಯೇ ಬಿಡಿ, ಮತ್ತು ಅದಕ್ಕೊಂದು ಪಾಸ್‌ವರ್ಡ್ ಇಡಿ. ಗದಗಕ್ಕೂ ಹುಬ್ಬಳ್ಳಿಗೂ ನೇರ ಸಂಪರ್ಕ ಸಾಧ್ಯವಾಗದಿದ್ದರೆ ಸಿಂಕ್‌ಥಿಂಗ್ ನಡುವೆ ರಿಲೇ ಸರ್ವರ್ ಬಳಸುತ್ತದೆ. ಆಗ ವೇಗ ಕಡಿಮೆಯಾಗುತ್ತದೆ, ಆದರೆ ಎರಡು ತುದಿಗಳ ನಡುವೆ ಗೂಢಲಿಪೀಕರಣ ಇರುವುದರಿಂದ ರಿಲೇ ನಡೆಸುವವರಿಗೆ ನಿಮ್ಮ ಫೈಲು ಓದಲು ಬರುವುದಿಲ್ಲ.

ಕನ್ನಡ ಹೆಸರುಗಳ ಬಗ್ಗೆ ನೀವು ಕೇಳಿದ್ದು ಬಹಳ ಯೋಗ್ಯವಾದ ಪ್ರಶ್ನೆ. ಕನ್ನಡ ಹೆಸರಿನ ಫೈಲುಗಳನ್ನು ಸಿಂಕ್‌ಥಿಂಗ್ ಚೆನ್ನಾಗಿಯೇ ನಿಭಾಯಿಸುತ್ತದೆ. ಆದರೆ ಎರಡು ಸಂಗತಿಗಳು ನಿಮಗೆ ಗೊತ್ತಿರಬೇಕು. ಮೊದಲನೆಯದು ಉದ್ದ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಫೈಲಿನ ಹೆಸರು 255 ಸಂಕೇತಗಳವರೆಗೆ ಇರಬಹುದು, ಮತ್ತು ಕನ್ನಡದ ಪ್ರತಿ ಸಂಕೇತವೂ ಅಲ್ಲಿ ಒಂದೇ ಎಂದು ಲೆಕ್ಕ. ಉಬುಂಟು ಸಾಮಾನ್ಯವಾಗಿ ಬಳಸುವ ಎಕ್ಸ್‌ಟಿ4ರಲ್ಲಿ ಮಿತಿ 255 ಬೈಟುಗಳದು, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತ ಮೂರು ಬೈಟು ಹಿಡಿಯುತ್ತದೆ. ಅಂದರೆ ಇಲ್ಲಿ 85 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ಸಂಕೇತವೆಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ‘ಪತ್ರಿಕೆ’ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ಪ, ತ, ವಿರಾಮದ ಚಿಹ್ನೆ, ರ, ಇಕಾರ, ಕ, ಎಕಾರ ಹೀಗೆ ಏಳು ಸಂಕೇತ, 21 ಬೈಟು. ಲಗ್ನಪತ್ರಿಕೆಯ ಫೈಲಿಗೆ ವಧೂವರರ ಹೆಸರು, ಊರು, ಕಲ್ಯಾಣ ಮಂಟಪ, ದಿನಾಂಕ ಎಲ್ಲವನ್ನೂ ಸೇರಿಸಿ ಹೆಸರಿಡುವ ರೂಢಿ ನಿಮ್ಮಲ್ಲಿದ್ದರೆ, ಹುಬ್ಬಳ್ಳಿಯಲ್ಲಿ ಸರಾಗವಾಗಿ ಉಳಿದ ಫೈಲು ಗದಗಿಗೆ ಬರಲಾರದೆ ‘ಹೆಸರು ತೀರ ಉದ್ದವಾಯಿತು’ ಎಂಬ ದೋಷ ತೋರಿಸುತ್ತದೆ. ಎರಡೂ ಕಡೆ ಒಂದೇ ಫೈಲು ಬದಲಾದಾಗ ಸಿಂಕ್‌ಥಿಂಗ್ ಹೆಸರಿನ ಕೊನೆಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಮಾತು, ದಿನಾಂಕ, ಸಮಯ ಮತ್ತು ಯಂತ್ರದ ಗುರುತನ್ನು ಸೇರಿಸಿ ಇನ್ನೊಂದು ಪ್ರತಿ ಇಡುತ್ತದೆ. ಅದಕ್ಕೂ ಜಾಗ ಬೇಕು. ಕನ್ನಡ ಹೆಸರುಗಳನ್ನು 60 ಸಂಕೇತಗಳ ಒಳಗೆ ಇಟ್ಟುಕೊಂಡರೆ ಯಾವ ಚಿಂತೆಯೂ ಇರದು. ವಿಂಡೋಸ್ ಒಪ್ಪದ ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆಗಳನ್ನು ಗದಗಿನ ಕಡೆಯಿಂದ ಹೆಸರಿನಲ್ಲಿ ಬಳಸದಿರುವುದೂ ಒಳ್ಳೆಯದು.

ಎರಡನೆಯದು ಇನ್ನೂ ಸೂಕ್ಷ್ಮ. ‘ಕೋ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಕ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಬರೆಯಬಹುದು. ಅದನ್ನೇ ಕ, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಲಿನಕ್ಸ್ ಕಣ್ಣಿಗೆ ಅವು ಎರಡು ಬೇರೆ ಫೈಲುಗಳು. ಈ, ಏ, ಐ, ಒ, ಓಕಾರದ ಚಿಹ್ನೆಗಳಿಗೆಲ್ಲ ಇದೇ ಸ್ಥಿತಿ. ಮ್ಯಾಕ್ ಕಂಪ್ಯೂಟರುಗಳ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂಥ ಯಂತ್ರದಿಂದ ಬಂದ ಫೈಲುಗಳು ನಿಮ್ಮಲ್ಲಿದ್ದರೆ ಒಂದೇ ಹೆಸರಿನ ಎರಡು ಫೈಲು ಅಕ್ಕಪಕ್ಕದಲ್ಲಿ ಕಾಣಬಹುದು. ಸಿಂಕ್‌ಥಿಂಗ್‌ನಲ್ಲಿ ‘ಆಟೋ ನಾರ್ಮಲೈಜ್’ ಎಂಬ ಆಯ್ಕೆ ಪ್ರತಿ ಫೋಲ್ಡರಿಗೂ ಮೊದಲಿನಿಂದಲೇ ಚಾಲೂ ಇರುತ್ತದೆ. ಅದು ಲಿನಕ್ಸ್ ಮತ್ತು ವಿಂಡೋಸ್‌ನಲ್ಲಿ ಕೂಡಿಸಿದ ರೂಪವನ್ನು, ಮ್ಯಾಕ್‌ನಲ್ಲಿ ಬಿಡಿಸಿದ ರೂಪವನ್ನು ಬಳಸಿ ಹೆಸರನ್ನು ಸರಿಮಾಡುತ್ತದೆ. ಅದನ್ನು ಮುಟ್ಟದಿದ್ದರೆ ಸಾಕು.

ನಿಮ್ಮ ನಿಜವಾದ ಕಷ್ಟ ಹಳೆಯ ಪ್ರತಿ ಪ್ಲೇಟಿಗೆ ಹೋದದ್ದು. ಅದಕ್ಕೆ ಬಿಲ್ಡ್‌ಗಿಂತ ಫೋಲ್ಡರಿನ ಹೊಂದಾಣಿಕೆಯೇ ಉತ್ತರ. ಮುದ್ರಣಕ್ಕೆ ಸಿದ್ಧವಾದ ಫೈಲುಗಳಿಗೆ ಒಂದೇ ಫೋಲ್ಡರ್ ಇಟ್ಟು, ಹುಬ್ಬಳ್ಳಿಯಲ್ಲಿ ಅದನ್ನು ‘ಸೆಂಡ್ ಓನ್ಲಿ’, ಗದಗಿನಲ್ಲಿ ‘ರಿಸೀವ್ ಓನ್ಲಿ’ ಎಂದು ಗುರುತಿಸಿ. ಆಗ ಪ್ರೆಸ್ಸಿನಲ್ಲಿ ಯಾರಾದರೂ ಕೈತಪ್ಪಿ ಫೈಲು ಬದಲಿಸಿದರೂ ಅದು ತಮ್ಮನ ಕಡೆಗೆ ಹೋಗುವುದಿಲ್ಲ. ನಿಯಂತ್ರಣ ಪುಟದಲ್ಲಿ ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸುವ ಬಟನ್ ಕಾಣಿಸುತ್ತದೆ. ಪ್ರೂಫ್ ತಿದ್ದುಪಡಿಗಳು ವಾಪಸ್ ಹೋಗಲು ಬೇರೊಂದು ಫೋಲ್ಡರ್ ಇರಲಿ. ಕೋರೆಲ್‌ಡ್ರಾ ತಾನೇ ಮಾಡಿಡುವ ‘ಬ್ಯಾಕಪ್_ಆಫ್’ ಎಂದು ಆರಂಭವಾಗುವ ಫೈಲುಗಳು ಬರದಂತೆ ‘.ಎಸ್‌ಟಿಇಗ್ನೋರ್’ ಫೈಲಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಈ ಫೈಲು ಸ್ವತಃ ಸಿಂಕ್ ಆಗುವುದಿಲ್ಲವಾದ್ದರಿಂದ ಎರಡೂ ಕಡೆ ಬರೆಯಬೇಕು. ಇಳಿಯುತ್ತಿರುವಾಗ ಕರೆಂಟ್ ಹೋದರೆ ಅರ್ಧ ಫೈಲು ಪ್ಲೇಟಿಗೆ ಹೋಗಿಬಿಡಬಹುದೆಂಬ ಭಯ ಬೇಡ. ಸಿಂಕ್‌ಥಿಂಗ್ ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ತುಂಡುತುಂಡಾಗಿ ತಂದು, ಪ್ರತಿ ತುಂಡಿನ ಹ್ಯಾಶ್ ಹೋಲಿಸಿ, ಪೂರ್ತಿಯಾದ ಮೇಲೆಯೇ ನಿಜವಾದ ಹೆಸರು ಕೊಡುತ್ತದೆ.

ಸಿಂಕ್ ಮಾಡುವುದು ಬ್ಯಾಕಪ್ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹುಬ್ಬಳ್ಳಿಯಲ್ಲಿ ಅಳಿಸಿದ ಫೈಲು ಗದಗಿನಲ್ಲೂ ಅಳಿಯುತ್ತದೆ. ಇದಕ್ಕಾಗಿ ‘ಫೈಲ್ ವರ್ಶನಿಂಗ್’ ಇದೆ; ಅದರಲ್ಲಿ ‘ಸ್ಟ್ಯಾಗರ್ಡ್’ ಬಗೆಯನ್ನು ಆರಿಸಿಕೊಂಡರೆ ಮೊದಲ ಒಂದು ಗಂಟೆ 30 ಸೆಕೆಂಡಿಗೊಂದರಂತೆ, ಒಂದು ದಿನದವರೆಗೆ ಗಂಟೆಗೊಂದರಂತೆ, 30 ದಿನಗಳವರೆಗೆ ದಿನಕ್ಕೊಂದರಂತೆ, ಆಮೇಲೆ ವಾರಕ್ಕೊಂದರಂತೆ ಹಳೆಯ ಪ್ರತಿಗಳು ಉಳಿಯುತ್ತವೆ. ಆದರೆ ಈ ವ್ಯವಸ್ಥೆ ಇನ್ನೊಂದು ಯಂತ್ರದಿಂದ ಬಂದ ಬದಲಾವಣೆಗಳಿಗೆ ಮಾತ್ರ ಅನ್ವಯಿಸುತ್ತದೆ. ತಮ್ಮ ತನ್ನ ಕಂಪ್ಯೂಟರಿನಲ್ಲೇ ಅಳಿಸಿದ್ದರ ಹಳೆಯ ಪ್ರತಿ ಅಲ್ಲಿ ಸಿಗದು, ಗದಗಿನಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಅದನ್ನು ಗದಗಿನಲ್ಲಿ ಕಡ್ಡಾಯವಾಗಿ ಚಾಲೂ ಮಾಡಿ, ತಿದ್ದುಪಡಿಯ ಫೋಲ್ಡರಿಗೆ ಎರಡೂ ಕಡೆ ಮಾಡಿ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಡುವ ಪ್ರತ್ಯೇಕ ಬ್ಯಾಕಪ್ ಇದ್ದೇ ಇರಬೇಕು.

ನವೀಕರಣಕ್ಕೆ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ದಿನ ಗುರುತು ಮಾಡಿಕೊಳ್ಳಿ, ಮದುವೆಯ ಹಂಗಾಮಿನ ನಡುವೆ ಬೇಡ. ‘ಗಿಟ್ ಫೆಚ್ --ಟ್ಯಾಗ್ಸ್’ ಮಾಡಿ ಹೊಸ ಸ್ಥಿರ ಟ್ಯಾಗ್ ಇದೆಯೇ ನೋಡಿ, ಬಿಡುಗಡೆಯ ಟಿಪ್ಪಣಿ ಓದಿ, ಸರ್ವೀಸ್ ನಿಲ್ಲಿಸಿ, ಕಾನ್ಫಿಗ್ ಫೋಲ್ಡರಿನ ಪ್ರತಿಯನ್ನೂ ಹಳೆಯ ಪ್ರೋಗ್ರಾಂ ಅನ್ನೂ ಪಕ್ಕಕ್ಕಿಟ್ಟು, ಆಮೇಲೆ ಹೊಸದನ್ನು ಅಳವಡಿಸಿ. 1ರಿಂದ 2ಕ್ಕೆ ಹೋಗುವಂಥ ದೊಡ್ಡ ಹೆಜ್ಜೆಯಲ್ಲಿ ಡೇಟಾಬೇಸ್ ಪರಿವರ್ತನೆ ಆಗುವುದರಿಂದ ಮೊದಲ ಸಲ ಏಳಲು ಹೊತ್ತು ಹಿಡಿಯಬಹುದು. ಮಧ್ಯದಲ್ಲಿ ನಿಲ್ಲಿಸದೆ ಕಾಯಬೇಕು.

ಇದೆಲ್ಲ ಮುಗಿದ ಮೇಲೆ ಗಿರಾಕಿಗಳ ಫೈಲುಗಳನ್ನು ಒಮ್ಮೆಲೇ ಹಾಕಬೇಡಿ. ನಾಲ್ಕಾರು ಹಳೆಯ ಫೈಲುಗಳಿರುವ ಪ್ರಯೋಗದ ಫೋಲ್ಡರ್ ಒಂದನ್ನು ಹಂಚಿಕೊಂಡು, ಗದಗಿನಲ್ಲಿ ಅದಕ್ಕೂ ಫೈಲ್ ವರ್ಶನಿಂಗ್ ಚಾಲೂ ಮಾಡಿ, ಹುಬ್ಬಳ್ಳಿಯಲ್ಲಿ ಒಂದು ಫೈಲನ್ನು ಬದಲಿಸಲು, ಇನ್ನೊಂದನ್ನು ಅಳಿಸಲು ತಮ್ಮನಿಗೆ ಹೇಳಿ. ಗದಗಿನಲ್ಲಿ ಆ ಫೋಲ್ಡರಿನ ಒಳಗೆ ‘.ಎಸ್‌ಟಿವರ್ಶನ್ಸ್’ ಎಂಬ ಅಡಗಿದ ಫೋಲ್ಡರ್ ಹುಟ್ಟಿರಬೇಕು, ಅದರಲ್ಲಿ ಎರಡರ ಹಳೆಯ ಪ್ರತಿಗಳೂ ಇರಬೇಕು. ನಿಯಂತ್ರಣ ಪುಟದ ‘ವರ್ಶನ್ಸ್’ ಬಟನ್ ಒತ್ತಿ ಅಳಿಸಿದ ಫೈಲನ್ನು ಮರಳಿ ತರಲು ಪ್ರಯತ್ನಿಸಿ. ಅದು ಮರಳಿ ಬಂದು ಸರಿಯಾಗಿ ತೆರೆದುಕೊಂಡರೆ ಮರುದಿನದಿಂದ ನಿಜವಾದ ಕೆಲಸದ ಫೋಲ್ಡರನ್ನು ಸೇರಿಸಬಹುದು.